ನೆಲಬೇವಿನ ಹಾಡು

ನಮ್ಮೂರಿನಲ್ಲಿ ಹೆಣ್ಣು ನೋಡಲು ಹೋದವರು ಮೊದಲು ಕೇಳುವುದು ಜಾತಕವನ್ನಲ್ಲ. ಕೈಗೆ ಪಾನಕದ ಲೋಟ ಬರುವುದಕ್ಕೂ ಮುಂಚೆ, ‘ನೆಲಬೇವಿನ ಹಾಡಿನಲ್ಲಿ ನಿಮ್ಮ ಮನೆಯವರ ಚರಣ ಯಾವುದು?’ ಎಂದು ಕೇಳುತ್ತಾರೆ. ಚರಣ ಇದ್ದವರು ಎದೆಯುಬ್ಬಿಸಿ ಅಲ್ಲೇ ಹಾಡಿ ತೋರಿಸುತ್ತಾರೆ. ಇಲ್ಲದವರು ಅಡಿಕೆ ಕತ್ತರಿಸುತ್ತ ಮಾತು ತಿರುಗಿಸುತ್ತಾರೆ. ನಾನು ಈ ಊರಿಗೆ ಮನೆ ಅಳಿಯನಾಗಿ ಬಂದವನು. ನನಗೆ ಚರಣವೂ ಇಲ್ಲ, ಶ್ರುತಿಯೂ ಇಲ್ಲ. ನಾನು ಬಾಯಿಬಿಟ್ಟು ಹಾಡಿದ ದಿನ ಹಸು ಹಾಲು ಕೊಡುವುದಿಲ್ಲ ಎಂದು ನನ್ನ ಹೆಂಡತಿ ಸಾಕಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇರಲಿ. ಆ ಹಾಡಿನ ಕಥೆ ಹೇಳುವ ಹಕ್ಕು ಮಾತ್ರ ನನಗಿರುವಷ್ಟು ಇನ್ಯಾರಿಗೂ ಇಲ್ಲ. ಏಕೆಂದರೆ ಅವಳು ಹಾಡುವಾಗ ಪಕ್ಕದಲ್ಲಿ ದೋಟಿಗೋಲು ಹಿಡಿದು ನಿಲ್ಲುವವನು ನಾನು.

ಆ ಹಾಡು ಹಾಡುವುದು ಒಂದು ಕಲ್ಲಿಗಾಗಿ. ಆ ಕಲ್ಲು ಇರುವುದು ಊರಿನ ಪಡುವಣಕ್ಕೆ, ಆಳೆತ್ತರದ ಗೋಡೆಯ ಒಳಗೆ. ಅಲ್ಲಿ ಹುಲ್ಲು ಹುಟ್ಟುವುದಿಲ್ಲ, ಕಾಗೆ ಇಳಿಯುವುದಿಲ್ಲ, ನಾವೂ ಕಾಲಿಡುವುದಿಲ್ಲ. ಗೋಡೆಗೊಂದು ಕಿಂಡಿ ಇದೆ. ಸೊಪ್ಪನ್ನು ಮೊರದಲ್ಲಿ ಹರಡಿ, ಮೊರವನ್ನು ಉದ್ದನೆಯ ದೋಟಿಯ ತುದಿಗೆ ಸಿಕ್ಕಿಸಿ, ಆ ಕಿಂಡಿಯಿಂದ ಕಲ್ಲಿನ ಬುಡದ ತನಕ ತಳ್ಳಬೇಕು. ಇದಕ್ಕೆ ಕಲ್ಲಿಗೆ ತೋರಿಸುವುದು ಎನ್ನುತ್ತಾರೆ. ತೋರಿಸಿದ ಸೊಪ್ಪಿನ ಗುಣ ತೋರಿಸದ ಸೊಪ್ಪಿಗೆ ಬರುವುದಿಲ್ಲ. ಎಲೆಯೊಳಗೆ ಮುದುರಿ ಕೂತಿರುವ ಸತ್ವವನ್ನು ಕಲ್ಲು ತಟ್ಟಿ ಎಬ್ಬಿಸುತ್ತದೆ. ಎದ್ದ ಮೇಲೂ ಎಳೆದುಕೊಳ್ಳದೆ ಅಲ್ಲೇ ಬಿಟ್ಟರೆ ಅದೇ ಕಲ್ಲು ಆ ಸತ್ವವನ್ನು ತಿಂದೂ ಹಾಕುತ್ತದೆ. ಎಲೆ ನೋಡಲು ಹಸಿರಾಗಿಯೇ ಇರುತ್ತದೆ, ಒಳಗೆ ಏನೂ ಇರುವುದಿಲ್ಲ.

ಎಷ್ಟು ಹೊತ್ತು ತೋರಿಸಬೇಕು ಎಂಬುದೇ ಎಲ್ಲ. ಗಡಿಯಾರ ಆ ಗೋಡೆಯ ಹತ್ತಿರ ನಡೆಯುವುದಿಲ್ಲ, ಕೆಟ್ಟು ನಿಲ್ಲುತ್ತದೆ. ಅದಕ್ಕೇ ಒಂದೊಂದು ಸೊಪ್ಪಿಗೂ ಒಂದೊಂದು ಹಾಡು. ಹಾಡು ಶುರುವಾದಾಗ ಮೊರ ಒಳಗೆ, ನಿಂತಾಗ ಹೊರಗೆ. ತುಳಸಿಯ ಹಾಡು ಎರಡೇ ಸಾಲು. ಅದು ಮುಗಿದ ಕೂಡಲೇ ಎಳೆಯದಿದ್ದರೆ ಪರಿಮಳ ಹಾರಿಹೋಗಿ ಮೊರದಲ್ಲಿ ಬರೀ ಕಸ ಉಳಿಯುತ್ತದೆ. ಒಂದೆಲಗಕ್ಕೆ ಜೋಗುಳದಂಥ ಹಾಡು. ಅಶ್ವಗಂಧದ ಬೇರು ಮಹಾ ಮೊಂಡು, ಅದಕ್ಕೆ ಹಾಡಿದ್ದನ್ನೇ ಮತ್ತೊಮ್ಮೆ ಹಾಡಬೇಕು. ಆದರೆ ಹಾಡು ಎಂದರೆ ನೆಲಬೇವಿನ ಹಾಡು. ಜ್ವರದ ಮದ್ದು ಅದು. ಊರಿನ ಜೀವ ಉಳಿಸಿದ್ದೂ ಅದೇ, ಊರಿನ ತಲೆ ತಿರುಗಿಸಿದ್ದೂ ಅದೇ.

ಕಲ್ಲಿಗೂ ವಯಸ್ಸಾಗುತ್ತದೆ ಎಂದು ನಮ್ಮವರ ನಂಬಿಕೆ. ಹಿಂದೆ ಯಾವುದೋ ಕಾಲದಲ್ಲಿ ನೆಲಬೇವಿನ ಕಹಿ ಇಳಿದಿತ್ತಂತೆ. ಆಗ ಹಿರಿಯರು ಕೂತು ಯೋಚಿಸಿ, ಮೊರ ಇನ್ನೂ ಸ್ವಲ್ಪ ಹೊತ್ತು ಒಳಗಿರಲಿ ಎಂದು ಹಾಡಿಗೆ ಒಂದು ಚರಣ ಸೇರಿಸಿದರು. ಆ ಚರಣದಲ್ಲಿ ಊರಿಗೆ ಉಪಕಾರ ಮಾಡಿದ ಒಬ್ಬರ ಹೆಸರಿಟ್ಟರು. ಕಹಿ ಮರಳಿತು. ಅಲ್ಲಿಂದ ಶುರುವಾಯಿತು ನೋಡಿ. ಬಾವಿ ತೋಡಿಸಿದವನಿಗೊಂದು ಚರಣ, ಸೂಲಗಿತ್ತಿಗೊಂದು ಚರಣ. ಬರಬರುತ್ತ ಯಾರ ಮನೆಯಲ್ಲಿ ದೊಡ್ಡ ಊಟ ಆದರೂ ಕೈ ತೊಳೆಯುವಾಗ ಒಬ್ಬರಲ್ಲ ಒಬ್ಬರು, ‘ಯಾಕೋ ಕಲ್ಲಿಗೆ ವಯಸ್ಸಾಯ್ತು ಅನ್ಸುತ್ತಪ್ಪ’ ಎಂದು ರಾಗ ಎಳೆಯುತ್ತಿದ್ದರು. ತುಳಸಿಯ ಹಾಡಿಗೆ ಹಾಗೆ ಚರಣ ಸೇರಿಸಲು ಯಾರಿಗೂ ಧೈರ್ಯವಿಲ್ಲ. ನೆಲಬೇವು ಗಟ್ಟಿ ಗಿಡ, ಎಷ್ಟು ತೋರಿಸಿದರೂ ತಡೆಯುತ್ತದೆ ಎಂದು ಎಲ್ಲರೂ ತಿಳಿದಿದ್ದರು.

ಸಾಕಮ್ಮನಿಗೂ ಮುಂಚೆ ಹಾಡುತ್ತಿದ್ದವರು ನನ್ನ ಅತ್ತೆ ಮುದ್ದೀರಮ್ಮ. ಹಾಡುವವರೇ ಸೊಪ್ಪಿನ ರುಚಿಯನ್ನೂ ನೋಡಬೇಕು. ಮೊರ ಹೊರಗೆ ಬಂದ ಮೇಲೆ ಒಂದು ಎಲೆ ಅಗಿದು, ಆಗಿದೆಯೋ ಇಲ್ಲವೋ ಹೇಳಬೇಕು. ಅತ್ತೆಯ ನಾಲಿಗೆಯಂಥ ನಾಲಿಗೆ ಈ ಊರು ಕಂಡಿಲ್ಲ. ಎಲೆ ಅಗಿದು, ಇದು ಕೆರೆಯ ಈ ದಂಡೆಯದೋ ಆ ದಂಡೆಯದೋ ಹೇಳುತ್ತಿದ್ದರು. ಅಡುಗೆಗೆ ಉಪ್ಪು ಹೆಚ್ಚಾಗಿದೆ ಎಂದು ಅವರು ಹೇಳಿದರೆ ಅದರ ಮೇಲೆ ಅಪೀಲು ಇರಲಿಲ್ಲ. ನನ್ನ ಮದುವೆಯ ಹೊಸತರಲ್ಲಿ ಈ ನಾಲಿಗೆಗೆ ನಾನೆಷ್ಟು ಹೆದರಿದ್ದೆ ಎಂಬುದು ನನಗೇ ಗೊತ್ತು. ಹೋದ ವರ್ಷ ದಮ್ಮು ಸಾಲದೆ ಅವರು ಹಾಡುವುದನ್ನು ಬಿಟ್ಟಾಗ ಊರೆಲ್ಲ ಸೇರಿ ಅವರ ಹೆಸರಿನಲ್ಲೇ ಒಂದು ಚರಣ ಕಟ್ಟಿತು. ಬದುಕಿರುವವರಿಗೆ ಚರಣ ಕಟ್ಟಿದ್ದು ಅದೇ ಮೊದಲು. ‘ನಾಲಿಗೆಯ ತುದಿಯಲ್ಲಿ ಕಾಯಿಲೆಯ ಕಂಡೋಳು, ಮೇಲಾದ ಮದ್ದ ಆರಿಸಿದ ಮುದ್ದೀರಿ ಕಾಲಿಟ್ಟ ಕಡೆಗೆ ಜ್ವರವಿಲ್ಲ.’ ನಮ್ಮ ಮನೆ ಗೋಡೆಗೆ ಹತ್ತಿರ. ದಿನಾ ಬೆಳಿಗ್ಗೆ ಅತ್ತೆ ಜಗುಲಿಯ ಮೇಲೆ ಕೂತು, ತಮ್ಮ ಚರಣ ಬರುವ ತನಕ ಎಲೆಅಡಿಕೆಯನ್ನೂ ಬಾಯಿಗೆ ಹಾಕದೆ ಕಾಯುತ್ತಿದ್ದರು. ಅದು ಬಂದಾಗ ಅವರ ಮುಖ ನೋಡಬೇಕಿತ್ತು. ಮೂಗುಬೊಟ್ಟು ತನ್ನಷ್ಟಕ್ಕೆ ತಾನೇ ಹೊಳೆಯುತ್ತಿತ್ತು.

ಹೋದ ವರ್ಷ ಊರಿನಲ್ಲಿ ಜ್ವರವೇ ಕಾಣಿಸಿಕೊಳ್ಳಲಿಲ್ಲ. ಈ ವರ್ಷ ಎರಡರಷ್ಟು ಬಂತು. ದಿನ ಬಿಟ್ಟು ದಿನ ಬರುವ ಚಳಿಜ್ವರ. ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿರುವಾಗ ಹಲ್ಲು ಕಟಕಟ ಎನ್ನುವ ಚಳಿ, ಆಮೇಲೆ ಮೈ ಕೆಂಡ. ನಮ್ಮ ಮಗಳು ಮಾದೇವಿ ಮಲಗಿದಳು. ಒಬ್ಬಳೇ ಮಗಳು. ಬಾಯಿ ಅವಳ ಅಜ್ಜಿಯದು, ಹಟವೂ ಅಜ್ಜಿಯದೇ. ಸುಮ್ಮನೆ ಒಂದು ಕಡೆ ಕೂತವಳಲ್ಲ. ಅಂಥವಳು ಕಂಬಳಿಯೊಳಗೆ ಬೆಕ್ಕಿನ ಮರಿಯಂತೆ ಸುತ್ತಿಕೊಂಡು ಬಿದ್ದಳು. ಕಷಾಯ ಕೊಟ್ಟೆವು. ಕುಡಿದಳು. ಮತ್ತೆ ಕೊಟ್ಟೆವು. ಜ್ವರ ತನ್ನ ದಿನ ತಪ್ಪಿಸಲಿಲ್ಲ. ಊರಿನ ಬೇರೆ ಮನೆಗಳಲ್ಲೂ ಅದೇ ಪಾಡು.

ಸಾಕಮ್ಮ ಎಲೆ ಅಗಿದು ನೋಡಿ ಒಳಗೊಳಗೇ ಒದ್ದಾಡುತ್ತಿದ್ದಳು. “ಕಹಿ ಎಲ್ಲೋ ಸೋರಿಹೋಗಿದೆ ಕಣ್ರೀ,” ಎಂದಳು ನನ್ನ ಹತ್ತಿರ. “ಇಲ್ಲಾಂದ್ರೆ ನನ್ನ ನಾಲಿಗೇನೇ ಸರಿ ಇಲ್ವೇನೋ. ಅವ್ವನ ನಾಲಿಗೆ ನಂಗೆಲ್ಲಿ ಬರ್ಬೇಕು?”

“ಅವ್ವನ್ನೇ ಕೇಳು.”

“ಹಾಡೋದು ಬಿಟ್ಟ ಮೇಲೆ ಎಲೆ ಮುಟ್ಟಲ್ಲ ಅಂತ ಅವರೇ ಹೇಳವ್ರಲ್ಲ. ನಾನು ಕೇಳಿದ್ರೆ, ನಿನ್ನ ಕೈಲಿ ಆಗ್ಲಿಲ್ವಾ ಅಂತಾರೆ. ನಾನು ಕೇಳಲ್ಲ.”

ತಾಯಿಗೆ ಎಷ್ಟು ಬಿಗುಮಾನವೋ ಮಗಳಿಗೂ ಅಷ್ಟೇ. ಇಬ್ಬರ ನಡುವೆ ಸಿಕ್ಕವನು ನಾನು.

ಕೊನೆಗೆ ಅವಳು ಊರಿನವರ ಮುಂದೆ ಕಹಿ ಸಾಲದು ಎಂದು ಒಪ್ಪಿಕೊಂಡಳು. ಊರಿನ ಯಜಮಾನ ಬೋರಣ್ಣ ಇದಕ್ಕೇ ಕಾದಿದ್ದವನಂತೆ ಎದ್ದು ನಿಂತ. ಹಾಡಿನಲ್ಲಿ ಅವನ ಅಜ್ಜನ ಚರಣ ಆಗಲೇ ಇತ್ತು, ಮುದ್ದೀರಮ್ಮನ ಚರಣಕ್ಕಿಂತ ಹಿಂದಿನದು. ಅವನಿಗೆ ಅಷ್ಟರಲ್ಲೇ ತೃಪ್ತಿಯಿಲ್ಲ. “ಕಲ್ಲಿಗೆ ವಯಸ್ಸಾಯ್ತು, ಇನ್ನೇನಿಲ್ಲ,” ಎಂದ. “ಒಂದು ಚರಣ ಜಾಸ್ತಿ ಮಾಡಿದ್ರೆ ಸರಿಹೋಗ್ತದೆ. ನಮ್ಮಪ್ಪಂದು ಸೇರಿಸ್ಬಿಡಾಣ. ಪುಣ್ಯಾತ್ಮ ಊರಿಗೇನು ಕಮ್ಮಿ ಮಾಡವ್ನಾ?” ಅವನಪ್ಪ ಊರಿಗೆ ಮಾಡಿದ್ದೇನೆಂದು ನೆನಪಿಸಿಕೊಳ್ಳಲು ಎಲ್ಲರೂ ಸ್ವಲ್ಪ ಹೊತ್ತು ಒದ್ದಾಡಿದರು. ಯಾರಿಗೂ ಹೊಳೆಯಲಿಲ್ಲ. ಆದರೂ ಒಪ್ಪಿದರು, ಮನೆಮನೆಯಲ್ಲಿ ಜ್ವರ ಇತ್ತಲ್ಲ. ಹೊಸ ಚರಣ ಸೇರಿತು. ಸೊಪ್ಪು ಇನ್ನೂ ಸಪ್ಪೆಯಾಯಿತು. ಮಾದೇವಿ ಕಷಾಯವನ್ನು ನೀರು ಕುಡಿದಂತೆ ಕುಡಿದು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅವಳ ಕೈ ಹಿಡಿದರೆ ಮೂಳೆ ಸಿಗುತ್ತಿತ್ತು. ನನಗೆ ಭಯವಾಯಿತು. ಇದನ್ನು ಬೇರೆ ಹೇಗೂ ಹೇಳಲಾರೆ, ಭಯವಾಯಿತು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಸಾಕಮ್ಮ ಗೋಡೆಯ ಹತ್ತಿರ ನಿಂತು ಹಾಡುತ್ತಿದ್ದಳು. ಅವತ್ತು ಜ್ವರ ಬರುವ ದಿನ. ಬೋರಣ್ಣನ ಅಜ್ಜನ ಚರಣ ಮುಗಿಯಿತು, ತಾಯಿಯ ಚರಣ ಶುರುವಾಯಿತು. ‘ನಾಲಿಗೆಯ ತುದಿಯಲ್ಲಿ’ ಎಂದವಳು ಮುಂದೆ ಹೋಗಲಿಲ್ಲ. ಕಾಲಿಟ್ಟ ಕಡೆಗೆ ಜ್ವರವಿಲ್ಲ ಎಂದು ಹೇಗೆ ಹಾಡುತ್ತಾಳೆ? ಆ ಮುದ್ದೀರಿಯ ಮನೆಯಲ್ಲೇ, ಆ ಮುದ್ದೀರಿಯ ತೊಡೆಯ ಮೇಲೇ ಮಗು ಮಧ್ಯಾಹ್ನದ ಜ್ವರಕ್ಕೆ ಕಾಯುತ್ತ ಮಲಗಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಹಾಡು ನಿಂತರೆ ಎಳೆಯಬೇಕು, ಅದು ದೋಟಿಯವನ ಧರ್ಮ. ನಾನು ಎಳೆದೆ.

ಹಾಡು ಮುರಿದ ಸೊಪ್ಪು ಮನುಷ್ಯರಿಗೆ ಸಲ್ಲುವುದಿಲ್ಲ, ದನಕ್ಕೆ ಹಾಕುತ್ತೇವೆ. ನಮ್ಮ ಹಸು ಕೆಂದಿ ಹೊಟ್ಟೆಬಾಕ. ಹಿಂದಿನ ದಿನವಷ್ಟೇ ಸಪ್ಪೆಯಾಯಿತೆಂದು ಎಸೆದ ಒಂದು ಮೊರ ನೆಲಬೇವನ್ನು ಹಸಿಹುಲ್ಲಿನಂತೆ ಮೇದು, ಇನ್ನೂ ಇದೆಯೇ ಎಂದು ನನ್ನ ಅಂಗಿಯನ್ನೂ ನೆಕ್ಕಿತ್ತು. ಈ ದಿನ ಒಂದು ಬಾಯಿ ಹಾಕಿತು ಅಷ್ಟೇ. ಕುತ್ತಿಗೆ ಒದರಿ, ಮೂತಿ ಮೇಲಕ್ಕೆತ್ತಿ, ಜೊಲ್ಲು ಸುರಿಸಿಕೊಂಡು ಹಗ್ಗ ಹರಿಯುವಷ್ಟು ಹಿಂದಕ್ಕೆ ಸರಿಯಿತು. ನಾನು ನಕ್ಕೆ. ಸಾಕಮ್ಮ ನಗಲಿಲ್ಲ. ಬಗ್ಗಿ, ಗೋದಲೆಯಿಂದಲೇ ಒಂದು ಎಲೆ ಎತ್ತಿ ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣಿನಲ್ಲಿ ನೀರು ಬಂತು, ಈ ಸಲ ಅಳುವಿನದಲ್ಲ.

“ಕಲ್ಲಿಗೆ ಏನೂ ಆಗಿಲ್ಲ ಕಣ್ರೀ,” ಎಂದಳು. “ನಮ್ಮ ಹಾಡೇ ಉದ್ದ ಆಗಿರೋದು. ನಾವು ಹೆಸರು ಹಾಡ್ಕೊಂಡು ನಿಂತಿದ್ವಿ, ಒಳಗೆ ಸೊಪ್ಪು ಸಾಯ್ತಿತ್ತು.”

ಅವಳು ಮೊದಲು ಹೋಗಿ ಹೇಳಿದ್ದು ತಾಯಿಗೆ. ಅತ್ತೆ ಮಗುವಿನ ಹಣೆ ಸವರುತ್ತಿದ್ದವರು ತಲೆ ಎತ್ತಿದರು. ಆ ನೋಟ ಬಿದ್ದದ್ದು ಮಗಳ ಮೇಲೆ, ಆದರೂ ಒಂದು ಹೆಜ್ಜೆ ಹಿಂದೆ ಸರಿದವನು ನಾನು.

“ಅಂದ್ರೆ ನನ್ನ ಚರಣದಿಂದ ಮದ್ದು ಕೆಟ್ಟದೆ ಅಂತೀಯಾ?”

“ನಿನ್ನಿಂದ ಅಲ್ಲವ್ವ. ಹೊತ್ತು ಜಾಸ್ತಿ ಆಗಿರೋದ್ರಿಂದ.”

“ಊರೇ ಸೇರಿ ಕಟ್ಟಿದ ಚರಣ ಅದು. ನಾನೇನು ಕೇಳ್ಕೊಂಡಿದ್ನಾ? ಈಗ ಹೆತ್ತ ಮಗಳೇ ಅಳಿಸ್ತೀನಿ ಅಂತಾಳೆ. ಯಾವುದೋ ಹಸು ಮೂತಿ ತಿರುಗಿಸ್ತು ಅಂತ!”

“ಹಸು ಮಾತು ಬ್ಯಾಡ. ನೀನೇ ಅಗಿದು ಹೇಳವ್ವ. ನಿನ್ನ ನಾಲಿಗೆ ಏನು ಹೇಳ್ತದೋ ಹಂಗೇ ಆಗ್ಲಿ. ಊರ ಮುಂದೆ ಹೇಳು.”

ಅತ್ತೆ ಮಗುವಿನ ತಲೆಯನ್ನು ತೊಡೆಯಿಂದ ದಿಂಬಿಗೆ ಸರಿಸಿದರು. ತಮ್ಮ ಹೆಸರಿನ ಮೇಲೆ ಅವರಿಗೆ ಎಷ್ಟು ಹೆಮ್ಮೆಯೋ, ನಾಲಿಗೆಯ ಮೇಲೆ ಅದಕ್ಕಿಂತ ಹೆಚ್ಚು. ಅದನ್ನು ತಿಳಿದೇ ಸಾಕಮ್ಮ ಆ ಮಾತು ಆಡಿದ್ದಳು. “ತತ್ತಾ, ನೋಡೇಬಿಡ್ತೀನಿ,” ಎಂದು ಅತ್ತೆ ಸೆರಗು ಸಿಕ್ಕಿಸಿ ಎದ್ದರು.

ಬಿಸಿಲು ಏರುವ ಮುಂಚೆಯೇ ಗೋಡೆಯ ಹತ್ತಿರ ಊರು ಸೇರಿತು. ಸಾಕಮ್ಮ ಪ್ರತಿ ಸಲ ಹೊಸ ಸೊಪ್ಪಿಟ್ಟು ಹಾಡನ್ನು ಮತ್ತೆ ಮತ್ತೆ ಹಾಡಿದಳು. ಒಂದು ಸಲ ಬೋರಣ್ಣನ ಅಜ್ಜನ ಚರಣಕ್ಕೆ ಮುಂಚೆ ನಿಲ್ಲಿಸಿದಳು, ಇನ್ನೊಂದು ಸಲ ಅದು ಮುಗಿದ ಮೇಲೆ, ಮತ್ತೊಂದು ಸಲ ತಾಯಿಯ ಚರಣ ಮುಗಿದ ಮೇಲೆ, ಕೊನೆಗೆ ಪೂರ್ತಿ ಹಾಡಿ ನಿಲ್ಲಿಸಿದಳು. ಪ್ರತಿ ಸಲವೂ ನಾನು ಮೊರ ಎಳೆದು, ಒಂದು ಹಿಡಿ ಸೊಪ್ಪನ್ನು ಯಾರಿಗೂ ಕಾಣದಂತೆ ಬೇರೆ ಬೇರೆ ಬಣ್ಣದ ದಾರದಲ್ಲಿ ಕಟ್ಟಿದೆ. ಯಾವ ದಾರ ಯಾವ ಚರಣದ್ದು ಎಂದು ನನಗೆ ಮಾತ್ರ ಗೊತ್ತು. ನಾನು ಹೊರಗಿನಿಂದ ಬಂದವನು, ಹಾಡಿನಲ್ಲಿ ನನ್ನ ವಂಶದವರ ಹೆಸರಿಲ್ಲ, ಅದಕ್ಕೇ ನನ್ನನ್ನು ನಂಬಿದ್ದು ಎಂದು ಬೋರಣ್ಣ ಹೇಳಿದ. ನನ್ನ ಜೀವಮಾನದಲ್ಲಿ ಚರಣವಿಲ್ಲದಿದ್ದುದಕ್ಕೆ ಹೆಮ್ಮೆಪಟ್ಟದ್ದು ಆ ಒಂದು ಬೆಳಿಗ್ಗೆ.

ಕಟ್ಟುಗಳನ್ನು ಕಲೆಸಿ ಅತ್ತೆಯ ಮುಂದಿಟ್ಟೆ. ಅವರು ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಒಂದೊಂದೇ ಎಲೆ ಅಗಿದರು. ಕೆಂಪು ದಾರದ್ದನ್ನು ಅಗಿದು ಉಗಿದರು. “ಸತ್ತದೆ,” ಎಂದರು. ಹಸಿರಿನದನ್ನು ಇನ್ನೂ ಹೊತ್ತು ಅಗಿದರು. “ಇದಕ್ಕೆ ಉಸಿರದೆ, ಅಷ್ಟೇ.” ಬಿಳಿಯದು ಅವರಿಗೆ ಇನ್ನೂ ಎಳಸು ಅನ್ನಿಸಿತು. ಕೊನೆಗೆ ಹಳದಿ ದಾರದ ಕಟ್ಟಿನಿಂದ ಒಂದು ಎಲೆ ಬಾಯಿಗೆ ಹೋಯಿತು. ಅವರ ಹುಬ್ಬು ಗಂಟಿಕ್ಕಿತು, ಕೆನ್ನೆ ಒಳಕ್ಕೆ ಹೋಯಿತು, ಕುತ್ತಿಗೆಯ ನರ ಎದ್ದಿತು. ಉಗುಳಲಿಲ್ಲ. ಪೂರ್ತಿ ಅಗಿದು ನುಂಗಿ, “ಇದು. ಇದೇ ಮದ್ದು. ನಾನು ಹಾಡೋವಾಗ ಇದ್ದ ಕಹಿ ಇದು,” ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಸುಳ್ಳು ಹೇಳಬಹುದಾಗಿತ್ತು. ಹಳದಿಯೇ ಅತ್ತೆಯ ಚರಣ ಮುಗಿದ ಮೇಲೆ ಎಳೆದದ್ದು ಎಂದುಬಿಟ್ಟರೆ ಅವರ ಹೆಸರು ಉಳಿಯುತ್ತಿತ್ತು. ಆದರೆ ಮನೆಯಲ್ಲಿ ಮಗು ಮಲಗಿತ್ತು. ಸಾಕಮ್ಮ ನನ್ನನ್ನೇ ನೋಡುತ್ತಿದ್ದಳು.

“ಹಳದಿ, ಬೋರಣ್ಣನವರ ಅಜ್ಜನ ಚರಣ ಮುಗಿದ ಮೇಲೆ ಎಳೆದದ್ದು,” ಎಂದೆ. “ಅತ್ತೆಮ್ಮನ ಚರಣಕ್ಕೆ ಮುಂಚೆ. ಹಸಿರು ಅತ್ತೆಮ್ಮಂದು ಆದ ಮೇಲಿಂದು. ಕೆಂಪು ಪೂರ್ತಿ ಹಾಡಿದ್ದು. ಬಿಳಿ ಅಜ್ಜನ ಚರಣಕ್ಕೂ ಮುಂಚಿಂದು.”

ಬೋರಣ್ಣ ಬೆರಳು ಮಡಿಸಿ ಲೆಕ್ಕ ಹಾಕಿದ. “ಹಂಗಾದ್ರೆ ನಮ್ಮಪ್ಪಂದು ಹೋಯ್ತು. ಅಜ್ಜಂದು ಇರ್ತದಲ್ಲ?” ಎಂದ. ಅತ್ತೆ ಎದ್ದು, ಕೈಗೆ ಅಂಟಿದ್ದ ಸೊಪ್ಪಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದರು. ಮಗಳು “ಅವ್ವಾ” ಎಂದು ಕೂಗಿದರೂ ತಿರುಗಲಿಲ್ಲ.

ಆ ಹಳದಿ ದಾರದ ಸೊಪ್ಪನ್ನೇ ಕುದಿಸಿ ಕಷಾಯ ಮಾಡಿದೆವು. ಮಾದೇವಿ ಎಂದಿನಂತೆ ಕಣ್ಣು ಮುಚ್ಚಿಕೊಂಡೇ ಲೋಟಕ್ಕೆ ಬಾಯಿಟ್ಟಳು. ಒಂದು ಗುಟುಕು ಒಳಗೆ ಹೋಗುವುದರೊಳಗೆ ಎದ್ದು ಕೂತು, “ಅಯ್ಯಯ್ಯೋ ಕಹಿ! ವಿಷ ಕೊಡ್ತಾವ್ರೆ!” ಎಂದು ಬೀದಿಗೆ ಕೇಳುವಂತೆ ಕಿರುಚಿದಳು. ಅಷ್ಟು ದಿನದಿಂದ ಗಟ್ಟಿಯಾಗಿ ಒಂದು ಮಾತಾಡದ ಮಗು. ನಾನು ಕೈ ಹಿಡಿದೆ, ಸಾಕಮ್ಮ ಮೂಗು ಹಿಡಿದು ಉಳಿದದ್ದನ್ನು ಕುಡಿಸಿದಳು. ಒದೆ ಬಿದ್ದದ್ದು ನನಗೆ. ಅಷ್ಟು ಸುಖವಾದ ಒದೆಯನ್ನು ನಾನು ಇನ್ನೊಂದು ತಿಂದಿಲ್ಲ. ಆ ದಿನ ಚಳಿ ಬಂತು, ಆದರೆ ತಡವಾಗಿ ಬಂದು ಬೇಗ ಹೋಯಿತು.

ಮರುದಿನದಿಂದ ಸಾಕಮ್ಮ ಗೋಡೆಯ ಹತ್ತಿರ ಬೋರಣ್ಣನ ಅಜ್ಜನ ಹೆಸರಿಗೇ ಹಾಡು ನಿಲ್ಲಿಸಿ, “ಎಳೀರಿ” ಎನ್ನುತ್ತಿದ್ದಳು. ಆ ಮಾತು ಅವಳ ಬಾಯಿಂದ ಸುಲಭವಾಗಿ ಬರುತ್ತಿರಲಿಲ್ಲ. ಜಗುಲಿಯ ಮೇಲೆ ಯಾರೂ ಇರುತ್ತಿರಲಿಲ್ಲ. ಅತ್ತೆ ಹಿತ್ತಲಿನಲ್ಲಿ, ಹಾಡು ಕೇಳಿಸದ ಕಡೆ, ಇಲ್ಲದ ಕೆಲಸ ಹುಡುಕಿಕೊಂಡು ಕೂತಿರುತ್ತಿದ್ದರು. ಮಗಳ ಜೊತೆ ಮಾತಿಲ್ಲ. ಬೇಕಾದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದರು. “ಅಳಿಯಂದ್ರೇ, ಸಾರಿಗೆ ಉಪ್ಪು ಕಮ್ಮಿ ಅದೆ ಅಂತ ಹೇಳಿ ಅವಳಿಗೆ,” ಎನ್ನುವರು. ಸಾಕಮ್ಮ ಒಲೆಯ ಮುಂದೆಯೇ ಇರುತ್ತಿದ್ದಳು. ನಾನು ಹೇಳುತ್ತಿದ್ದೆ, ಅವಳು ಉಪ್ಪು ಹಾಕುತ್ತಿದ್ದಳು. “ಸರಿಯಾದದ್ದನ್ನೇ ಮಾಡಿದ್ದು, ಆದ್ರೂ ಅವ್ವನ ಮುಂದೆ ಕಳ್ಳಿ ಥರ ಓಡಾಡ್ತಿದೀನಿ,” ಎಂದು ಒಮ್ಮೆ ಅವಳು ನನ್ನ ಭುಜಕ್ಕೆ ಹಣೆ ಒತ್ತಿದಳು.

ಕಷಾಯ ನಡೆಯಿತು. ಕಿರುಚಾಟವೂ ನಡೆಯಿತು. ಚಳಿ ಒಂದು ದಿನ ಬಂದು ಕಂಬಳಿ ಕೇಳಿತು, ಮುಂದಿನ ಸರದಿಗೆ ಬರೀ ಮೈ ಬೆಚ್ಚಗಾಯಿತು. ಅದರ ನಂತರದ ಸರದಿಯ ದಿನ ನಾವು ಯಾರೂ ಕೆಲಸಕ್ಕೆ ಹೋಗಲಿಲ್ಲ. ಮಾದೇವಿಯನ್ನು ಜಗುಲಿಯ ಮೇಲೆ ಕೂರಿಸಿಕೊಂಡು, ಬಿಸಿಲು ಅಂಗಳದಲ್ಲಿ ಸರಿಯುವುದನ್ನೇ ನೋಡುತ್ತ ಕೂತೆವು. ಅತ್ತೆಯೂ ಬಂದು, ಸಾಕಮ್ಮನಿಗೆ ಬೆನ್ನು ಹಾಕಿ, ಮಗುವಿನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಬಿಸಿಲು ನೆತ್ತಿಗೆ ಬಂತು. ಹೊತ್ತು ಕಳೆಯಿತು. ನೆರಳು ತೆಂಗಿನ ಮರದ ಆ ಕಡೆಗೆ ಬಿತ್ತು. ಮಗುವಿನ ಹಲ್ಲು ಕಟಕಟ ಎನ್ನಲಿಲ್ಲ. ಅತ್ತೆ ಅವಳ ಅಂಗೈ, ಕುತ್ತಿಗೆ, ಪಾದ ಎಲ್ಲ ಮುಟ್ಟಿ ನೋಡಿದರು.

“ಅಜ್ಜೀ, ಕಚಗುಳಿ ಆಗ್ತದೆ ಬಿಡು. ನಂಗೆ ಹಸಿವು,” ಎಂದಳು ಮಾದೇವಿ.

ಅತ್ತೆ ಕೈ ಬಿಟ್ಟರು. ಎದ್ದು ಜಗುಲಿಯಿಂದ ಇಳಿದು, ಅಂಗಳ ದಾಟಿ, ನೆಟ್ಟಗೆ ಬೀದಿಯ ಮಧ್ಯಕ್ಕೆ ಹೋಗಿ ನಿಂತರು. ಎದುರಿನಿಂದ ಬೋರಣ್ಣ ಬರುತ್ತಿದ್ದ, ಅವನ ಮಗನಿಗೂ ಕಷಾಯ ಬೇಕಾಗಿ ಕೈಯಲ್ಲಿ ತಂಬಿಗೆ ಹಿಡಿದಿದ್ದ. ಬಾವಿಯ ಹತ್ತಿರ ಹೆಂಗಸರಿದ್ದರು. ದಮ್ಮು ಸಾಲದೆ ಹಾಡು ಬಿಟ್ಟ ಮುದುಕಿ, ಆ ದಮ್ಮನ್ನು ಎಲ್ಲಿ ಬಚ್ಚಿಟ್ಟಿದ್ದರೋ, ಸೊಂಟಕ್ಕೆ ಕೈಕೊಟ್ಟು ಇಡೀ ಬೀದಿಗೆ ಕೇಳುವಂತೆ ಕೂಗಿದರು.

“ಕೇಳ್ರಪ್ಪೋ! ನಿಮ್ಮಲ್ಲಿ ಒಬ್ರಿಗೂ ಧೈರ್ಯ ಬರ್ಲಿಲ್ಲ. ಹಾಡಿಂದ ನನ್ನ ಹೆಸರು ಕಿತ್ತು ಹಾಕ್ದೋಳು ನನ್ನ ಹೊಟ್ಟೇಲಿ ಹುಟ್ದೋಳು! ನನ್ನ ಮಗಳು ಕಣ್ರೋ! ನನ್ನ ಮಗಳು!”

ಜಗುಲಿಯ ಮೇಲೆ ಸಾಕಮ್ಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ನಾನು ಒಳಗೆ ಹೋಗಿ ಮಗುವಿಗೆ ಅನ್ನ ಕಲೆಸಿದೆ.